ಅಡುಗೆ ಇಷ್ಟವಿಲ್ಲದವರ ಅಡುಗೆಮನೆ

ದಿನಾ ಹೊಸದೇನಾದರೂ ಮಾಡಲೇಬೇಕೆಂಬ ಹಟ ಬಿಟ್ಟರೆ ಅಡುಗೆಯ ಭಾರ ಅರ್ಧ ಇಳಿಯುತ್ತದೆ. ಮನೆಮಂದಿಯೆಲ್ಲ ಕೈಹಾಕಿದರೆ ಉಳಿದರ್ಧವೂ ಹಂಚಿಹೋಗುತ್ತದೆ. ಆರೋಗ್ಯದ ಊಟಕ್ಕೆ ಬೇಳೆ, ಸೊಪ್ಪು, ಧಾನ್ಯ ಮತ್ತು ಒಂದು ಗಟ್ಟಿ ಕ್ರಮ ಸಾಕು. ಕೈರುಚಿಯ ಹೆಸರು ಬೇಕಿಲ್ಲ.

ಜೂನ್ ತಿಂಗಳ ಸಂಜೆ ಏಳು ಗಂಟೆ. ಮಳೆ ಈಗಷ್ಟೇ ನಿಂತಿದೆ. ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿಯಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಸೊಪ್ಪುಗಳು ಒದ್ದೆ ಗೋಣಿಚೀಲದ ಮೇಲೆ ಹರಡಿವೆ. ಕೆಲಸ ಮುಗಿಸಿ ಬಸ್ಸಿಳಿದ ಹೆಂಗಸೊಬ್ಬರು ದಂಟಿನ ಕಟ್ಟೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಬೇರಿಗೆ ಇನ್ನೂ ಕೆಮ್ಮಣ್ಣು ಅಂಟಿದೆ. "ತಗೊಳ್ಳಿ ಅಕ್ಕಾ, ಎಳೇ ಸೊಪ್ಪು, ಬೆಳಿಗ್ಗೆ ಕಿತ್ತಿದ್ದು" ಎನ್ನುತ್ತಾನೆ ಗಾಡಿಯವನು. ಅವರು ಒಂದು ಗಳಿಗೆ ನೋಡಿ, ಕಟ್ಟನ್ನು ಅಲ್ಲೇ ಇಟ್ಟು, ಅರ್ಧ ಕೆ.ಜಿ. ಟೊಮೆಟೊ ತೂಗಿಸಿಕೊಂಡು ಹೊರಡುತ್ತಾರೆ. ಸೊಪ್ಪು ಬಿಡಿಸಬೇಕು, ಮೂರು ನೀರಲ್ಲಿ ತೊಳೆಯಬೇಕು, ಹೆಚ್ಚಬೇಕು. ಮನೆ ಮುಟ್ಟುವಾಗಲೇ ಏಳೂವರೆ. ಮಕ್ಕಳ ಹೋಂವರ್ಕ್ ಬಾಕಿ ಇದೆ, ನಾಳೆ ಬೆಳಿಗ್ಗೆ ಟಿಫಿನ್ ಬಾಕ್ಸಿಗೆ ಏನೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಶಾಲೆಗಳು ಬಾಗಿಲು ತೆರೆಯುವ ದಿನಗಳಲ್ಲಿ ಟಿ.ವಿ.ಯಲ್ಲೂ ಯೂಟ್ಯೂಬಿನಲ್ಲೂ ಮಕ್ಕಳ ಊಟದ ಡಬ್ಬಿಗೆ ಹೊಸರುಚಿಗಳ ಸುರಿಮಳೆ. ಅಡುಗೆ ಮಾಡುವವರಿಗೆ ಅಡುಗೆ ಇಷ್ಟ ಎಂಬುದನ್ನು ಅವೆಲ್ಲ ಕೇಳದೆಯೇ ಒಪ್ಪಿಕೊಂಡುಬಿಟ್ಟಿರುತ್ತವೆ. ಎಷ್ಟೋ ಮನೆಗಳಲ್ಲಿ ಸಂಗತಿ ಹಾಗಿಲ್ಲ. ಒಲೆ ಮುಂದೆ ನಿಂತರೆ ಸಾಕು, ಬೇಜಾರು ಹತ್ತುತ್ತದೆ ಎನ್ನುವವರು ಬಹಳ ಮಂದಿ ಇದ್ದಾರೆ. ಅವರೇನೂ ಸೋಮಾರಿಗಳಲ್ಲ, ಮನೆಯವರ ಮೇಲೆ ಅಕ್ಕರೆ ಇಲ್ಲದವರೂ ಅಲ್ಲ. ಲೆಕ್ಕಪತ್ರ ಬರೆಯುವುದು ಕೆಲವರಿಗೆ ಒಗ್ಗುವುದಿಲ್ಲ, ತೋಟದ ಕೆಲಸ ಕೆಲವರಿಗೆ ಒಗ್ಗುವುದಿಲ್ಲ, ಅಡುಗೆಯೂ ಹಾಗೆಯೇ. ಆದರೆ ಒಗ್ಗದಿದ್ದರೆ ಬೇರೆ ಕೆಲಸಗಳನ್ನು ಬಿಡಬಹುದು, ಊಟವನ್ನು ಬಿಡುವಂತಿಲ್ಲ. ಹಾಗಾಗಿ ಅಡುಗೆಯನ್ನು ಪ್ರೀತಿಸಲು ಕಲಿಯಿರಿ ಎಂಬ ಬುದ್ಧಿವಾದ ಇವರ ಯಾವ ಉಪಯೋಗಕ್ಕೂ ಬರುವುದಿಲ್ಲ. ಆ ಪ್ರೀತಿ ಇಲ್ಲದೆಯೂ ನಾಲ್ಕು ಜನರ ಹೊಟ್ಟೆಗೆ ಒಳ್ಳೆಯ ಊಟ ಹಾಕುವ ದಾರಿ ಬೇಕು. ಅಂಥ ದಾರಿ ನಮ್ಮ ನಿತ್ಯದ ಅಡುಗೆಯೊಳಗೇ ಇದೆ, ಅದರ ಮೇಲೆ ಹಬ್ಬದ ಅಡುಗೆಯನ್ನು ಹೇರಿ ನಾವೇ ಮುಚ್ಚಿಹಾಕಿದ್ದೇವೆ.

ಬೇಜಾರು ಯಾವುದರ ಮೇಲೆ?

ಅಡುಗೆ ಬೇಜಾರು ಎನ್ನುವವರನ್ನು ಸ್ವಲ್ಪ ಕೆದಕಿ ಕೇಳಿದರೆ ಒಲೆಯ ಮೇಲೆ ಪಾತ್ರೆ ಕುದಿಯುವ ಹೊತ್ತನ್ನು ದೂರುವವರು ಕಡಿಮೆ. ದೂರು ಇರುವುದು ಅದರ ಹಿಂದುಮುಂದಿನ ಕೆಲಸಗಳ ಮೇಲೆ. ಏನು ಮಾಡುವುದೆಂದು ದಿನಾ ಯೋಚಿಸಬೇಕು, ಮನೆಯಲ್ಲಿ ಏನಿದೆ ಏನಿಲ್ಲ ಎಂದು ನೆನಪಿಟ್ಟುಕೊಳ್ಳಬೇಕು, ಬಿಡಿಸಬೇಕು, ಹೆಚ್ಚಬೇಕು, ರುಬ್ಬಬೇಕು, ಆಮೇಲೆ ಸಿಂಕಿನ ತುಂಬ ಪಾತ್ರೆ. ಇಷ್ಟಾದ ಮೇಲೆ ತಟ್ಟೆ ಮುಂದೆ ಕುಳಿತವರಿಂದ "ಇವತ್ತೂ ಇದೇನಾ?" ಎಂಬ ಮಾತು. ಇದರಲ್ಲಿ ಕೈಯ ದಣಿವಿಗಿಂತ ತಲೆಯ ದಣಿವು ಹೆಚ್ಚು. ದಿನಕ್ಕೆ ಮೂರು ಹೊತ್ತು, ವಾರಕ್ಕೆ ಇಪ್ಪತ್ತೊಂದು ಸಲ ಒಬ್ಬರೇ ತೀರ್ಮಾನ ಮಾಡುತ್ತಿದ್ದರೆ ಅಡುಗೆಯಲ್ಲಿ ಆಸಕ್ತಿ ಇದ್ದವರಿಗೂ ರೋಸಿಹೋಗುತ್ತದೆ. ಇದನ್ನು ಅಡುಗೆಯ ಮೇಲಿನ ಜಿಗುಪ್ಸೆ ಎಂದು ತಪ್ಪಾಗಿ ತಿಳಿದಿದ್ದೇವೆ. ಇದರಲ್ಲಿ ಬಹುಪಾಲು ತೀರ್ಮಾನದ ಹೊರೆ, ಒಂಟಿ ದುಡಿಮೆಯ ಹೊರೆ.

ಹೊರೆ ಯಾರ ಹೆಗಲ ಮೇಲಿದೆ ಎಂಬುದನ್ನು ಸರ್ಕಾರವೇ ಅಳೆದಿದೆ. ದೇಶದ ಜನ ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಶೇ 81ರಷ್ಟು ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ. ಗಂಡಸರಲ್ಲಿ ಶೇ 26ರಷ್ಟು ಮಂದಿ ಮಾತ್ರ. ಮಾಡುವವರು ಕಳೆಯುವ ಸರಾಸರಿ ಹೊತ್ತು ಹೆಂಗಸರದ್ದು 299 ನಿಮಿಷ, ಗಂಡಸರದ್ದು 97 ನಿಮಿಷ. ಐದು ವರ್ಷ ಕಳೆದು, 2024ರಲ್ಲಿ ಮತ್ತೆ ಅಳೆದಾಗ ಹೆಂಗಸರ ಹೊತ್ತು 289 ನಿಮಿಷಕ್ಕೆ ಇಳಿದಿತ್ತು. ಗಂಡಸರದ್ದು ಹೆಚ್ಚಿತೇ? ಇಲ್ಲ, ಅದೂ 88 ನಿಮಿಷಕ್ಕೆ ಇಳಿದಿತ್ತು. ಅಡುಗೆ ಇಷ್ಟವಿಲ್ಲದಿರುವುದು ಗಂಡಸರಲ್ಲೂ ಹೆಂಗಸರಲ್ಲೂ ಇರುವ ಸ್ವಭಾವ. "ನನಗೆ ಇಷ್ಟವಿಲ್ಲ" ಎಂದು ಹೇಳಿ ಎದ್ದುಹೋಗುವ ಅವಕಾಶ ಮಾತ್ರ ಒಬ್ಬರಿಗೇ ಇದೆ.

ನಮ್ಮ ಪುರಾಣಗಳ ಹೆಸರಾಂತ ಬಾಣಸಿಗರೆಲ್ಲ ಗಂಡಸರೇ. ನಳಪಾಕ, ಭೀಮಪಾಕ ಎಂಬ ಮಾತುಗಳು ಇಂದಿಗೂ ಚಾಲ್ತಿಯಲ್ಲಿವೆ. 16ನೇ ಶತಮಾನದಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ ಮೂರನೇ ಮಂಗರಸನೂ ಗಂಡಸು. ಮದುವೆ ಮನೆ, ಮಠ, ದೇವಸ್ಥಾನ, ಹೋಟೆಲುಗಳ ಅಡುಗೆ ಭಟ್ಟರೂ ಅಷ್ಟೆ. ಹೆಸರು, ಸಂಭಾವನೆ, ಮೆಚ್ಚುಗೆ ಸಿಗುವ ಅಡುಗೆ ಇವರದು. ಮನೆಯ ನಿತ್ಯದ ಬೇಯಿಸುವಿಕೆ ಹೆಂಗಸರ ಪಾಲು. ಆದರೆ ಹಿಂದೆ ಆ ನಿತ್ಯದ ಅಡುಗೆ ಹಬ್ಬದ ಅಡುಗೆಯೊಂದಿಗೆ ಪೈಪೋಟಿಗೆ ಇಳಿದಿರಲಿಲ್ಲ. ಹೋಳಿಗೆ, ಚಿತ್ರಾನ್ನ, ಕೋಸಂಬರಿ, ಎರಡು ಪಲ್ಯ ಹಬ್ಬಕ್ಕೆ. ಉಳಿದ ದಿನಗಳಿಗೆ ಮುದ್ದೆ-ಸಾರು, ರೊಟ್ಟಿ-ಪಲ್ಯ, ಗಂಜಿ-ಚಟ್ನಿ. ಯಾರೂ ಅದನ್ನು ಕೊರತೆ ಎಂದು ಭಾವಿಸುತ್ತಿರಲಿಲ್ಲ. ಇಂದು ಮಂಗಳವಾರದ ರಾತ್ರಿಯ ಊಟಕ್ಕೂ ಹೋಟೆಲಿನ ಮೆನುವಿನ ವೈವಿಧ್ಯ ಬೇಕಾಗಿದೆ. ಬೆಳಿಗ್ಗೆ ಒಂದು ತಿಂಡಿ, ಡಬ್ಬಿಗೆ ಇನ್ನೊಂದು, ರಾತ್ರಿಗೆ ಚಪಾತಿ ಮತ್ತು ಅದಕ್ಕೊಂದು ಗ್ರೇವಿ, ಹಿರಿಯರಿಗೆ ಬೇರೆ ಅನ್ನ-ಸಾರು. ಇಷ್ಟನ್ನೂ ಬೇಜಾರಿಲ್ಲದೆ ಮಾಡಬೇಕೆಂದು ಬಯಸುವುದು ಅನ್ಯಾಯ.

■ ಬಾಕ್ಸ್: ಶಾಲೆಯ ತಟ್ಟೆ ಹೇಳುವ ಲೆಕ್ಕ
ಮಧ್ಯಾಹ್ನದ ಬಿಸಿಯೂಟಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿರುವ ಪ್ರಮಾಣ: 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಈ ಲೆಕ್ಕದಲ್ಲಿ ಖಾದ್ಯಗಳ ಹೆಸರಿಲ್ಲ.

ಒಂದೇ ಕುದಿತ, ಎರಡು ಪದಾರ್ಥ

ಆರೋಗ್ಯದ ಊಟ ಎಂದರೆ ಕಷ್ಟದ ಊಟ ಎಂಬ ಭಯ ಎಲ್ಲಿಂದ ಬಂತೋ, ಪೋಷಣೆಯ ಲೆಕ್ಕದಲ್ಲಿ ಅದಕ್ಕೆ ಆಧಾರವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಪ್ರಕಟಿಸಿತು. ದೇಶದ ಒಟ್ಟು ಕಾಯಿಲೆಗಳ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಸರಿಯಿಲ್ಲದ ಆಹಾರವೇ ಕಾರಣ ಎಂದು ಅದು ಹೇಳುತ್ತದೆ. ಕ್ಯಾಲೊರಿಯ ಪೈಕಿ ಧಾನ್ಯಗಳಿಂದ ಬರುವುದು ಶೇ 45 ಮೀರಬಾರದು. ನಾವು ತಿನ್ನುತ್ತಿರುವುದು ಶೇ 50ರಿಂದ 70. ಅನ್ನ, ಚಪಾತಿ ಸ್ವಲ್ಪ ಕಡಿಮೆಯಾಗಿ ಬೇಳೆ, ಕಾಳು, ಸೊಪ್ಪು, ತರಕಾರಿ ಹೆಚ್ಚಬೇಕು ಎನ್ನುವುದು ಇದರ ತಾತ್ಪರ್ಯ. ಬೇಳೆಕಾಳುಗಳನ್ನು ಬೇಯಿಸಲು ನೀರಲ್ಲಿ ಕುದಿಸುವುದು ಅಥವಾ ಪ್ರೆಶರ್ ಕುಕ್ಕರ್‌ನಲ್ಲಿ ಇಡುವುದೇ ಒಳ್ಳೆಯ ವಿಧಾನ ಎಂದೂ ಅದೇ ಮಾರ್ಗಸೂಚಿ ಹೇಳಿದೆ. ಅಂದರೆ ತೀರಾ ಸುಲಭದ ವಿಧಾನವೇ ದೇಹಕ್ಕೂ ಹಿತ. ಕರಿಯುವುದು, ಹುರಿಯುವುದು, ಗಂಟೆಗಟ್ಟಲೆ ಬಾಡಿಸುವುದು ನಾಲಿಗೆಗಾಗಿ ಮಾಡುವ ಕೆಲಸಗಳು.

ಹಳೇ ಮೈಸೂರು ಸೀಮೆಯ ಬಸ್ಸಾರನ್ನು ಅಡುಗೆ ಇಷ್ಟವಿಲ್ಲದವರ ಕಣ್ಣಿನಿಂದ ನೋಡಬೇಕು. ತೊಗರಿಬೇಳೆಯನ್ನೋ ಹೆಸರುಕಾಳನ್ನೋ ನೀರಲ್ಲಿ ಬೇಯಲು ಇಡುತ್ತೇವೆ. ಕಾಳು ಹಿಸುಕಿದರೆ ನುಣ್ಣಗಾಗಬೇಕು, ಆದರೆ ಕರಗಬಾರದು, ಆ ಹದದಲ್ಲಿ ಹೆಚ್ಚಿದ ಸೊಪ್ಪು ಮತ್ತು ಉಪ್ಪು ಹಾಕಿ ಇನ್ನೊಂದು ಕುದಿ. ಆಮೇಲೆ ನೀರು ಬಸಿದುಕೊಂಡರೆ ಕಟ್ಟು ಒಂದು ಕಡೆ, ಬೆಂದ ಕಾಳು-ಸೊಪ್ಪು ಒಂದು ಕಡೆ. ಒಂದು ಹಿಡಿ ಕಾಳು-ಸೊಪ್ಪನ್ನೇ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆ, ಚೂರು ತೆಂಗಿನಕಾಯಿ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಬೇಯಿಸಿದ್ದಕ್ಕೆ ಎರಡು ಪದಾರ್ಥ ಸಿಕ್ಕವು. ಸೊಪ್ಪು ಬೇಯಿಸಿದ ನೀರಲ್ಲಿ ಕರಗಿಹೋಗುವ ಜೀವಸತ್ವಗಳು ಚರಂಡಿ ಸೇರದೆ ಸಾರಿನಲ್ಲೇ ಉಳಿದವು. ಬೇಳೆಯ ಪ್ರೋಟೀನಿನಲ್ಲಿ ಕಡಿಮೆ ಇರುವ ಅಂಶವನ್ನು ಧಾನ್ಯ ತುಂಬುತ್ತದೆ, ಧಾನ್ಯದಲ್ಲಿ ಕಡಿಮೆ ಇರುವುದನ್ನು ಬೇಳೆ ತುಂಬುತ್ತದೆ. ಜೊತೆಗೆ ಮುದ್ದೆ ಇದ್ದರೆ ಇನ್ನೂ ಒಳ್ಳೆಯದು: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆ ತಿರುವುವುದು ಆಗದ ಕೆಲಸವೆಂದರೆ ಅನ್ನ ಇಡಿ, ರಾಗಿಯನ್ನು ಬೆಳಗಿನ ಗಂಜಿಗೋ ಅಂಬಲಿಗೋ ಬಳಸಿ.

ನಾಡಿನ ಉಳಿದ ಕಡೆಯೂ ನಿತ್ಯದ ಅಡುಗೆ ಹೀಗೇ ದುಡಿಮೆ ಉಳಿಸುವ ಜಾಣ್ಮೆಯಿಂದ ಕಟ್ಟಿದ್ದು. ಉತ್ತರ ಕರ್ನಾಟಕದ ಕಟಕ ರೊಟ್ಟಿ ಒಮ್ಮೆ ಬಡಿದಿಟ್ಟರೆ ವಾರಗಟ್ಟಲೆ ಇರುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳು ಡಬ್ಬಿಯಲ್ಲಿ ಸದಾ ಸಿದ್ಧ. ಎಣ್ಣೆಕಾಳುಗಳನ್ನೂ ಬೀಜಗಳನ್ನೂ ದಿನವೂ ಒಂದಿಷ್ಟು ತಿನ್ನಿ ಎಂದು ಇಂದು ಪೋಷಣಾ ತಜ್ಞರು ಹೇಳುವುದು ಅಲ್ಲಿ ತಾನಾಗಿ ನಡೆಯುತ್ತದೆ. ಮಲೆನಾಡಿನ ತಂಬುಳಿಗೆ ಒಲೆಯ ಕೆಲಸ ಬಹಳ ಕಡಿಮೆ. ಒಂದೆಲಗದ ನಾಲ್ಕು ಎಲೆ, ಜೀರಿಗೆ, ಕಾಯಿತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಕರಾವಳಿಯ ಕುಚ್ಚಲಕ್ಕಿ ಗಂಜಿಗೆ ಒಂದು ಚಟ್ನಿ, ಅಥವಾ ಬೇಯಿಸಿದ ಹೆಸರುಕಾಳಿನ ಒಂದು ಗಸಿ ಸಾಕು. ಇವೆಲ್ಲ ಬಿಡುವಿಲ್ಲದೆ ಹೊಲ, ಗದ್ದೆ, ತೋಟಗಳಲ್ಲಿ ದುಡಿಯುತ್ತಿದ್ದವರ ಅಡುಗೆಗಳು. ಅವರಲ್ಲೂ ಅಡುಗೆ ಇಷ್ಟವಿಲ್ಲದವರು ಖಂಡಿತ ಇದ್ದರು, ಅವರ ಮನೆಯವರೂ ಉಂಡೇ ಬದುಕಿದರು.

ಹಾಗಿದ್ದರೆ ಮಾಡಬೇಕಾದದ್ದು ಏನು? ಐದಾರು ಊಟಗಳನ್ನು ಆರಿಸಿಕೊಂಡು ವಾರದ ದಿನಗಳಿಗೆ ಗಂಟುಹಾಕುವುದು. ಸೋಮವಾರ ಬಸ್ಸಾರು, ಮಂಗಳವಾರ ಹೆಸರುಬೇಳೆ ತೊವ್ವೆ ಮತ್ತು ಬೇಯಿಸಿದ ತರಕಾರಿ, ಬುಧವಾರ ಮೊಟ್ಟೆ ಸಾರು ಅಥವಾ ಹುರುಳಿ ಸಾರು, ಗುರುವಾರ ತರಕಾರಿ ಧಾರಾಳವಾಗಿ ಹಾಕಿದ ಬಿಸಿಬೇಳೆ ಬಾತು ಅಥವಾ ಖಿಚಡಿ, ಶುಕ್ರವಾರ ಮಸ್ಸೊಪ್ಪು. ಇದರಲ್ಲಿ ಒಂದಕ್ಕೂ ಹೊಸ ಕಲಿಕೆ ಬೇಕಿಲ್ಲ. ತೀರ್ಮಾನ ತಿಂಗಳಿಗೊಮ್ಮೆ ಮುಗಿಯುತ್ತದೆ, ಸಾಮಾನಿನ ಚೀಟಿ ತಾನಾಗಿ ತಯಾರಾಗುತ್ತದೆ. ನೂರಾರು ಮಕ್ಕಳಿಗೆ ಬೇಯಿಸುವ ಶಾಲೆಗಳು, ಹಾಸ್ಟೆಲುಗಳು ವಾರದ ಪಟ್ಟಿ ಇಟ್ಟುಕೊಂಡೇ ನಡೆಯುತ್ತವೆ. ಮನೆ ಏಕೆ ದಿನವೂ ಹೊಸದಾಗಿ ಶುರುಮಾಡಬೇಕು?

■ ಬಾಕ್ಸ್: ಅಡುಗೆ ಆಗದವರಿಗೊಂದು ಪುಸ್ತಕ
ಅಮೆರಿಕದ ಪೆಗ್ ಬ್ರಾಕೆನ್ 1960ರಲ್ಲಿ ಅಡುಗೆ ಎಂದರೆ ಆಗದವರಿಗಾಗಿಯೇ ಒಂದು ಅಡುಗೆ ಪುಸ್ತಕ ಪ್ರಕಟಿಸಿದರು. ಅದರ 30 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅವರ ಸುಲಭದ ಅಡುಗೆ ಹೆಚ್ಚಾಗಿ ನಿಂತಿದ್ದು ಡಬ್ಬಿಯ ಸೂಪು, ಪೊಟ್ಟಣದ ಪುಡಿಗಳ ಮೇಲೆ. ಕುಕ್ಕರ್, ಬೇಳೆ, ಸಾರಿನ ಪುಡಿ ಇರುವ ಮನೆಗೆ ಆ ದಾರಿ ಹಿಡಿಯುವ ಅಗತ್ಯವಿಲ್ಲ.

ಆಕ್ಷೇಪಗಳು

ದಿನಾ ಅದೇ ತಿಂದರೆ ಬೇಜಾರಾಗದೇ, ಪೋಷಣೆಗೆ ವೈವಿಧ್ಯ ಬೇಡವೇ ಎಂಬುದು ಮೊದಲ ಆಕ್ಷೇಪ. ವೈವಿಧ್ಯ ಬೇಕು, ಅದು ಪದಾರ್ಥಗಳಲ್ಲಿ ಇದ್ದರೆ ಸಾಕು, ವಿಧಾನದಲ್ಲಿ ಬೇಡ. ಈ ಸೋಮವಾರ ದಂಟು, ಮುಂದಿನ ಸೋಮವಾರ ಸಬ್ಬಸಿಗೆ, ಅದರಾಚೆ ಹುರುಳಿಕಾಯಿ. ತೊಗರಿಬೇಳೆಯ ಜಾಗದಲ್ಲಿ ಅಲಸಂದೆ, ಚಳಿಗಾಲ ಬಂದರೆ ಅವರೆಕಾಳು. ಕೈಗೆ ಕೆಲಸ ಒಂದೇ, ದೇಹಕ್ಕೆ ಸಿಗುವುದು ಬೇರೆ ಬೇರೆ. ಇನ್ನು ಮಕ್ಕಳ ವಿಷಯ. ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಅದನ್ನು ಎಂಟು ಹತ್ತು ಸಲವಾದರೂ, ಒತ್ತಾಯವಿಲ್ಲದೆ, ತಟ್ಟೆಯಲ್ಲಿ ಕಾಣಬೇಕು ಎಂದು ಮಕ್ಕಳ ಆಹಾರದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮಗು ಬೇಡವೆಂದಿತೆಂದು ಎರಡನೇ ದಿನವೇ ನೂಡಲ್ಸಿಗೆ ಬದಲಾಯಿಸುವ ಮನೆಗಿಂತ, ವಾರವಾರವೂ ಅದೇ ಸೊಪ್ಪಿನ ಪಲ್ಯ ಬರುವ ಮನೆಯಲ್ಲಿ ಮಗು ಸೊಪ್ಪು ತಿನ್ನಲು ಕಲಿಯುವ ಸಾಧ್ಯತೆ ಹೆಚ್ಚು. ಮರುಕಳಿಕೆ ಇಲ್ಲಿ ಅಡುಗೆಯವರ ಪರವಾಗಿಯೂ ಇದೆ, ಮಗುವಿನ ಪರವಾಗಿಯೂ ಇದೆ.

ಆಗದಿದ್ದರೆ ಹೊರಗಿನಿಂದ ತರಿಸಿ, ಇಲ್ಲವೇ ಅಡುಗೆಯವರನ್ನು ಇಟ್ಟುಕೊಳ್ಳಿ ಎನ್ನುವವರಿದ್ದಾರೆ. ಇಟ್ಟುಕೊಳ್ಳಲು ಶಕ್ತಿ ಇರುವವರು ನ್ಯಾಯವಾದ ಸಂಬಳ ಕೊಟ್ಟು ಇಟ್ಟುಕೊಳ್ಳಲಿ, ತಪ್ಪೇನಿಲ್ಲ. ಬಹುತೇಕ ಕುಟುಂಬಗಳಿಗೆ ಆ ಶಕ್ತಿ ಇಲ್ಲ. ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ದಣಿದು ತನ್ನ ಮನೆಗೆ ಹೋಗಿ ಐದನೇ ಅಡುಗೆಗೆ ನಿಲ್ಲುವ ಹೆಂಗಸಿಗಂತೂ ಈ ಸಲಹೆಯಿಂದ ಏನೂ ಸಿಗುವುದಿಲ್ಲ. ತರಿಸುವ ಊಟದ ಕಡೆಗೆ ನಾವು ಈಗಾಗಲೇ ಬಹಳ ದೂರ ಹೋಗಿದ್ದೇವೆ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಪಾನೀಯ, ಕುರುಕಲು, ಸಂಸ್ಕರಿತ ಮತ್ತು ಸಿದ್ಧ ಆಹಾರಗಳಿಗೆ ನಗರದ ಕುಟುಂಬಗಳು ಒಟ್ಟು ಖರ್ಚಿನ ಶೇ 11.09ರಷ್ಟನ್ನು ಹಾಕುತ್ತವೆ, ಹಳ್ಳಿಗಳಲ್ಲಿ ಶೇ 9.84. ಎರಡೂ ಕಡೆ ಆಹಾರದ ಬಾಬತ್ತುಗಳಲ್ಲೆಲ್ಲ ಇದೇ ದೊಡ್ಡದು, ಹಾಲು, ತರಕಾರಿ, ಧಾನ್ಯಗಳಿಗಿಂತ ದೊಡ್ಡದು. ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗಿನ ಊಟದಲ್ಲಿ ಉಪ್ಪು ಎಷ್ಟು, ಎಣ್ಣೆ ಎಷ್ಟು, ಆ ಎಣ್ಣೆ ಎಷ್ಟನೇ ಸಲ ಕಾದದ್ದು ಎಂಬುದು ನಮ್ಮ ಕೈಯಲ್ಲಿಲ್ಲ.

ಆದರೆ ಊಟವನ್ನು ಕೊಳ್ಳುವುದಕ್ಕೂ ದುಡಿಮೆಯನ್ನು ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹುಬ್ಬಳ್ಳಿ, ಕಲಬುರಗಿಗಳಲ್ಲಿ ಹೆಂಗಸರೇ ನಡೆಸುವ ರೊಟ್ಟಿ ಅಂಗಡಿಗಳಿಂದ ಜೋಳದ ರೊಟ್ಟಿ ತಂದು ಮನೆಯಲ್ಲಿ ಕಾಳಿನ ಪಲ್ಯ ಮಾಡಿಕೊಂಡರೆ ಅದು ಮನೆಯೂಟವೇ. ದೋಸೆ ಹಿಟ್ಟು, ಮೊಸರು, ಸುಲಿದ ಅವರೆಕಾಳು, ಬಿಡಿಸಿದ ಸೊಪ್ಪು, ಸಾರಿನ ಪುಡಿ ಇವನ್ನೆಲ್ಲ ನಾಚಿಕೆಯಿಲ್ಲದೆ ಕೊಳ್ಳಬಹುದು. ತಳ್ಳುಗಾಡಿಯವರು ಹತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು ಸೊಪ್ಪು ಬಿಡಿಸಿ ಕೊಡುವಂತಾದರೆ ಎಷ್ಟೋ ಮನೆಗಳಲ್ಲಿ ಸೊಪ್ಪು ಬೇಯುತ್ತದೆ. ಚಪಾತಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಸಕ್ಕರೆ ಕಾಯಿಲೆಯ ಭಯದಿಂದ ಅನ್ನ ಬಿಟ್ಟು ರಾತ್ರಿ ಚಪಾತಿ ಹಿಡಿದ ಮನೆಗಳು ಬೇಕಾದಷ್ಟಿವೆ. ಹಿಟ್ಟು ಕಲಸಿ, ಲಟ್ಟಿಸಿ, ಒಂದೊಂದನ್ನೇ ಬೇಯಿಸಿ ಮುಗಿಸುವಷ್ಟರಲ್ಲಿ ಪಲ್ಯಕ್ಕೆ ಉಸಿರು ಉಳಿದಿರುವುದಿಲ್ಲ, ಆಲೂಗಡ್ಡೆಯಲ್ಲೇ ಊಟ ಮುಗಿಯುತ್ತದೆ. ಗೋಧಿಯೂ ಧಾನ್ಯವೇ. ಕಡಿಮೆ ಅನ್ನ, ಅದರ ದುಪ್ಪಟ್ಟು ಬೇಳೆ-ತರಕಾರಿ ಇರುವ ತಟ್ಟೆ ಐದು ಚಪಾತಿಯ ತಟ್ಟೆಗಿಂತ ಒಳ್ಳೆಯದು, ಮಾಡಲು ಸುಲಭ ಕೂಡ.

ತಂಗಳು ತಿನ್ನಬಾರದು ಎಂಬ ಆಕ್ಷೇಪಕ್ಕೆ ಎರಡು ಮುಖಗಳಿವೆ. ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಈ ಎಚ್ಚರ ಇರಲೇಬೇಕು. ಅದಕ್ಕೆ ಪರಿಹಾರ ಬೇಗ ತಣಿಸಿ ಫ್ರಿಜ್ಜಿಗೆ ಸೇರಿಸುವುದು. ಭಾನುವಾರ ಬೇಯಿಸಿಟ್ಟ ಕಡಲೆಕಾಳು, ತೊಗರಿಬೇಳೆ ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತವೆ. ಮಂಗಳವಾರದ ಸಾರು ಹದಿನೈದು ನಿಮಿಷದ ಕೆಲಸವಾಗುತ್ತದೆ. ಫ್ರಿಜ್ ಇಲ್ಲದ ಕಾಲದ ನಿಯಮವನ್ನು ಫ್ರಿಜ್ ಇರುವ ಮನೆಯ ಹೆಂಗಸಿನ ಬೆನ್ನಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಪ್ರೀತಿಯಿಂದ ಮಾಡದ ಅಡುಗೆ ಮೈಗೆ ಹತ್ತುವುದಿಲ್ಲ ಎಂಬ ಮಾತು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕಠಿಣ. ಅದನ್ನು ಹೇಳುವವರಲ್ಲಿ ಹೆಚ್ಚಿನವರು ಬಡಿಸಿಕೊಳ್ಳುವವರು. ಬೇಳೆಯ ಪ್ರೋಟೀನು ಮಾಡಿದವರ ಮನಸ್ಸನ್ನು ಕೇಳಿ ದೇಹ ಸೇರುವುದಿಲ್ಲ. ಇಷ್ಟವಿಲ್ಲದ ಕೆಲಸವನ್ನು ಮನೆಯವರ ಆರೋಗ್ಯಕ್ಕಾಗಿ ವರ್ಷಗಟ್ಟಲೆ ಮಾಡಿಕೊಂಡು ಬರುವವರಲ್ಲಿ ಅಕ್ಕರೆ ಇಲ್ಲ ಎನ್ನಲು ಯಾರಿಗೂ ಹಕ್ಕಿಲ್ಲ.

ಸಹಾಯ ಸಾಲದು

ಕೊನೆಗೆ ಉಳಿಯುವುದು ಹಂಚಿಕೆಯ ಮಾತು. ಈರುಳ್ಳಿ ಹೆಚ್ಚಿಕೊಟ್ಟರೆ, ಕುಕ್ಕರ್ ಆರಿಸಿದರೆ ಕೈಕೆಲಸ ಹತ್ತು ನಿಮಿಷ ಉಳಿದೀತು. ಏನು ಮಾಡಬೇಕು, ಏನು ತರಬೇಕು ಎಂಬ ಯೋಚನೆ ಮಾತ್ರ ಅದೇ ತಲೆಯಲ್ಲಿ ಉಳಿಯುತ್ತದೆ. ಹಂಚಬೇಕಾದದ್ದು ಪೂರ್ತಿ ಊಟವನ್ನು: ಗುರುವಾರ ರಾತ್ರಿಯ ಖಿಚಡಿ ಗಂಡನದಾದರೆ ಅದರ ತರಕಾರಿ, ಬೇಳೆ, ಬಡಿಸುವುದು, ಪಾತ್ರೆ ಎಲ್ಲವೂ ಅವನದೇ. ಹದಿನಾಲ್ಕು ವರ್ಷದ ಮಗ, ಮಗಳು ಇಬ್ಬರೂ ಅನ್ನ-ತೊವ್ವೆ ಮಾಡಬಲ್ಲರು. ವಾರದ ಪಟ್ಟಿಯಲ್ಲಿ ಇರುವುದು ಸರಳ ಊಟಗಳಾದ್ದರಿಂದ "ನನಗೆ ಬರುವುದಿಲ್ಲ" ಎಂಬ ನೆಪಕ್ಕೂ ಜಾಗ ಇರುವುದಿಲ್ಲ. ಹಬ್ಬದ ಮಟ್ಟದ ಅಡುಗೆಯನ್ನು ನಿತ್ಯಕ್ಕೆ ತಂದದ್ದರಿಂದ ಆದ ದೊಡ್ಡ ನಷ್ಟ ಇದೇ. ಅದು ಅಷ್ಟು ಕಠಿಣವಾಯಿತು, ಬೇರೆ ಯಾರೂ ಕೈಹಾಕದಂತಾಯಿತು.

ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ಏಳು ರಾತ್ರಿಗಳ ಊಟ ಬರೆಯಿರಿ, ಪ್ರತಿ ಊಟದ ಮುಂದೆ ಮಾಡುವವರ ಹೆಸರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಏಳೂ ಕಡೆ ಒಂದೇ ಹೆಸರು ಬಾರದಂತೆ ನೋಡಿಕೊಳ್ಳಿ.